ಅಜ್ಜಿ ಯಾರ ಮನೆಯವರು?

ಈ ವಾರ ಬಂದ ಪತ್ರಗಳಲ್ಲಿ ಒಂದನ್ನು ಪಕ್ಕಕ್ಕೆ ತೆಗೆದಿಟ್ಟುಕೊಂಡೆ. ಐದನೇ ತರಗತಿಯ ಹುಡುಗಿಯೊಬ್ಬಳು ಬರೆದದ್ದು. ಶಾಲೆಯಲ್ಲಿ ‘ನನ್ನ ಕುಟುಂಬ’ ಅಂತ ಚಾರ್ಟ್ ಮಾಡಿಕೊಂಡು ಬನ್ನಿ ಎಂದಿದ್ದಾರೆ. ಅವಳು ಅಪ್ಪ, ಅಮ್ಮ, ತಮ್ಮ, ತಾನು ಎಂದು ನಾಲ್ಕು ಫೋಟೊ ಅಂಟಿಸಿದ್ದಾಳೆ. ಅವಳ ಅಜ್ಜಿ ಆರು ತಿಂಗಳು ಇವರ ಮನೆಯಲ್ಲಿ, ಆರು ತಿಂಗಳು ದೊಡ್ಡಪ್ಪನ ಮನೆಯಲ್ಲಿ ಇರುತ್ತಾರೆ. ಈಗ ದೊಡ್ಡಪ್ಪನ ಸರದಿ. ಫೋನಿನಲ್ಲಿ ಚಾರ್ಟ್ ತೋರಿಸಿದಾಗ ಅಜ್ಜಿ, “ಚೆನ್ನಾಗಿದೆ ಮಗಾ, ಹಾಗಾದರೆ ನಾನು ಯಾರ ಮನೆಯವಳು?” ಎಂದರಂತೆ. ದೊಡ್ಡಪ್ಪನ ಮಗನ ಚಾರ್ಟಿನಲ್ಲೂ ಅಜ್ಜಿ ಇಲ್ಲವಂತೆ. ‘ಕುಟುಂಬ ಅಂದರೆ ಯಾರ್ಯಾರು, ನೀವೇ ಹೇಳಿ’ ಎಂದು ಕೇಳಿದ್ದಾಳೆ.

ನಾನೂ ಒಬ್ಬ ಅಜ್ಜಿಯೇ ಆದ್ದರಿಂದ ಈ ಪತ್ರವನ್ನು ಎರಡು ಸಲ ಓದಿದೆ.

ಪುಟ್ಟಿ, ಇದೇ ಪ್ರಶ್ನೆಯನ್ನು ಸರ್ಕಾರವೂ ಕೇಳುತ್ತದೆ. ಜನಗಣತಿಗೆ ಬರುವವರು ಮೊದಲು ನೋಡುವುದು ಅಡುಗೆಮನೆಯನ್ನು. ಸಾಮಾನ್ಯವಾಗಿ ಜೊತೆಯಲ್ಲಿ ವಾಸಿಸುತ್ತ, ಒಂದೇ ಅಡುಗೆಮನೆಯಲ್ಲಿ ಊಟ ಮಾಡುವವರೆಲ್ಲ ಅವರ ಲೆಕ್ಕದಲ್ಲಿ ಒಂದು ಮನೆ. ನಮ್ಮ ಹಳ್ಳಿಯವರಿಗೆ ಈ ಲೆಕ್ಕವನ್ನು ಯಾರೂ ಕಲಿಸಬೇಕಾಗಿಲ್ಲ. ಅಣ್ಣ ತಮ್ಮಂದಿರು ಬೇರೆಯಾದರು ಎನ್ನುವುದಕ್ಕೆ ‘ಒಲೆ ಬೇರೆಯಾಯಿತು’ ಎನ್ನುತ್ತೇವೆ. ಸೂರು ಒಂದೇ ಇರಬಹುದು, ನಡುವೆ ಗೋಡೆಯೂ ಎದ್ದಿರಲಿಕ್ಕಿಲ್ಲ. ಆದರೆ ಎರಡು ಕಡೆ ಹೊಗೆ ಎದ್ದರೆ ಎರಡು ಮನೆ. ಆ ಲೆಕ್ಕದಲ್ಲಿ ನಿನ್ನ ಚಾರ್ಟ್ ಸರಿಯಾಗಿಯೇ ಇದೆ.

ಆದರೆ ಅದೇ ಬೇರೆ ಒಲೆಯವರ ಮನೆಯಲ್ಲಿ ಒಂದು ಸಾವಾಗಲಿ ನೋಡು. ಆಗ ಸೂತಕ ಯಾರಿಗೆ ಎಂದು ಲೆಕ್ಕ ಹಾಕುವಾಗ ಯಾರೂ ಒಲೆ ಎಣಿಸುವುದಿಲ್ಲ. ಮೂರು ತಲೆಮಾರಿನ ಹಿಂದೆ ಬೇರೆಯಾದ ದಾಯಾದಿಗಳೂ ಒಳಗೆ ಬರುತ್ತಾರೆ. ಮದುವೆಗೆ ಇನ್ನೊಂದು ಲೆಕ್ಕ: ಬೀಗರು, ಸೋದರಮಾವ, ನೆಂಟರು, ಇಷ್ಟರು. ಮನೆ, ಮನೆತನ, ದಾಯಾದಿ, ಬಳಗ ಎಂದು ನಮ್ಮ ಭಾಷೆಯಲ್ಲಿ ಇಷ್ಟೊಂದು ಮಾತುಗಳಿರುವುದು ಸುಮ್ಮನೆ ಅಲ್ಲ. ಒಂದೊಂದು ಸಂದರ್ಭಕ್ಕೆ ಒಂದೊಂದು ಅಳತೆ.

ಸಮಾಜಶಾಸ್ತ್ರಜ್ಞರು ಎಂದು ಕೆಲವರಿದ್ದಾರೆ. ಜನ ಹೇಗೆ ಕೂಡಿ ಬಾಳುತ್ತಾರೆ ಎಂದು ನೋಡಿ ಬರೆಯುವುದು ಅವರ ಕೆಲಸ. ನಮ್ಮ ಮೈಸೂರಿನವರೇ ಆದ ಎಂ.ಎನ್. ಶ್ರೀನಿವಾಸ್ ಅವರಲ್ಲಿ ದೊಡ್ಡ ಹೆಸರು. 1942ರಲ್ಲೇ ಮೈಸೂರು ಸೀಮೆಯ ಮದುವೆ ಮತ್ತು ಕುಟುಂಬದ ಬಗ್ಗೆ ಪುಸ್ತಕ ತಂದರು. ಆಮೇಲೆ 1948ರಲ್ಲಿ ಮೈಸೂರಿಗೆ ಹತ್ತಿರದ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಉಳಿದು ಎಲ್ಲವನ್ನೂ ಬರೆದುಕೊಂಡರು. ಒಂದು ಕೂಡುಕುಟುಂಬದ ಪಾಲಿನ ವ್ಯಾಜ್ಯದ ಮೇಲೆಯೇ ಅವರ ಒಂದು ಲೇಖನ ಇದೆ! ಅವರ ಶಿಷ್ಯ ಎ.ಎಂ. ಶಾ ಗುಜರಾತಿನ ಹಳ್ಳಿಯೊಂದರ ಹಳೆಯ ಮನೆವಾರು ದಾಖಲೆಗಳನ್ನು ಹುಡುಕಿ ತೆಗೆದರು. ಅವು 19ನೇ ಶತಮಾನದ ಆರಂಭದವು. ನೋಡಿದರೆ ಅಲ್ಲಿಯೂ ಹೆಚ್ಚಿನವು ಚಿಕ್ಕ ಮನೆಗಳೇ.

ಅಜ್ಜ ಅಜ್ಜಿಯರೇ, ಇದನ್ನು ಓದಿ ಹುಬ್ಬೇರಿಸಬೇಡಿ. ‘ನಮ್ಮ ಕಾಲದಲ್ಲಿ ಒಂದೊಂದು ಮನೆಯಲ್ಲೂ ಮೂವತ್ತು ಜನ’ ಎಂದು ನಾವೆಲ್ಲ ಹೇಳುತ್ತೇವೆ. ಅಂಥ ಮನೆಗಳು ಇದ್ದವು, ಇಲ್ಲವೆನ್ನುವುದಿಲ್ಲ. ಧಾರವಾಡ ಜಿಲ್ಲೆಯ ಲೋಕೂರಿನ, ನೂರಕ್ಕೂ ಹೆಚ್ಚು ಜನರ ಮನೆತನದ ಬಗ್ಗೆ ನೀವೂ ಪತ್ರಿಕೆಯಲ್ಲಿ ಓದಿರುತ್ತೀರಿ. ಆದರೆ ಸ್ವಲ್ಪ ಯೋಚಿಸಿ. ಮೂರು ತಲೆಮಾರು ಒಟ್ಟಿಗೆ ಇರಬೇಕಾದರೆ ಅಜ್ಜ ಅಜ್ಜಿ ಬದುಕಿರಬೇಕಲ್ಲ? ಸ್ವಾತಂತ್ರ್ಯ ಬಂದಾಗ ನಮ್ಮ ದೇಶದವರ ಸರಾಸರಿ ಆಯಸ್ಸು ಸುಮಾರು 32 ವರ್ಷ. ಎಷ್ಟೋ ಕೂಸುಗಳು ತೊಟ್ಟಿಲಲ್ಲೇ ಹೋಗುತ್ತಿದ್ದುದರಿಂದ ಆ ಅಂಕಿ ಅಷ್ಟು ಕೆಳಗಿತ್ತು, ನಿಜ. ಆದರೂ ಮೊಮ್ಮಕ್ಕಳ ಮುಖ ನೋಡದೆ ಹೋದ ಹಿರಿಯರು ಕಡಿಮೆಯೇನಲ್ಲ. ಈಗ ಆ ಸರಾಸರಿ 70ರ ಹತ್ತಿರ ಇದೆ. ಅಜ್ಜಿಯ ಕೈತುತ್ತು ತಿನ್ನುವ ಭಾಗ್ಯ ಅಂದಿನ ಮಕ್ಕಳಿಗಿಂತ ಇಂದಿನ ಮಕ್ಕಳಿಗೇ ಹೆಚ್ಚು, ಅಜ್ಜಿಯನ್ನು ಹತ್ತಿರ ಇಟ್ಟುಕೊಂಡರೆ.

ಶಾ ಅವರು ಹೇಳಿದ ಇನ್ನೊಂದು ವಿಷಯವನ್ನು ನಾನು ಬಾಳೆಯ ಹಿಂಡಿಲು ತೋರಿಸಿ ಹೇಳುತ್ತೇನೆ. ತಾಯಿ ಗಿಡದ ಬುಡದಲ್ಲಿ ಕಂದುಗಳು ಏಳುತ್ತವೆ, ಸ್ವಲ್ಪ ಕಾಲ ಎಲ್ಲ ಒಂದೇ ಗುಂಪು. ಆಮೇಲೆ ಕಂದನ್ನು ಕಿತ್ತು ಬೇರೆ ಕಡೆ ನೆಡುತ್ತಾರೆ. ಅಲ್ಲಿ ಅದೇ ತಾಯಿ ಗಿಡವಾಗುತ್ತದೆ. ಮನೆಯೂ ಹೀಗೆ ಕೂಡುತ್ತದೆ, ಒಡೆಯುತ್ತದೆ, ಮತ್ತೆ ಕೂಡುತ್ತದೆ. ಚಿಕ್ಕ ಮನೆ ಕಂಡ ಕೂಡಲೇ ಕುಟುಂಬ ಕೆಟ್ಟುಹೋಯಿತು ಎನ್ನುವುದು ಆತುರದ ಮಾತು.

ಒಡೆಯುವಾಗ ನೋವಾಗುವುದಿಲ್ಲವೇ ಎಂದರೆ, ಆಗುತ್ತದೆ. ನಾನು ಪಾಠ ಹೇಳುತ್ತಿದ್ದ ಊರಿನಲ್ಲಿ ಇಬ್ಬರು ಅಣ್ಣ ತಮ್ಮಂದಿರ ಪಾಲಾಯಿತು. ಗದ್ದೆ, ದನ, ತಾಮ್ರದ ಹಂಡೆ ಎಲ್ಲ ಹಂಚಿದ ಮೇಲೆ ಪಾರಿಖತ್ತಿನ ಕೊನೆಯಲ್ಲಿ ಬರೆದರು: ತಂದೆ ದೊಡ್ಡವನ ಪಾಲಿಗೆ, ತಾಯಿ ಚಿಕ್ಕವನ ಪಾಲಿಗೆ. ನಲವತ್ತು ವರ್ಷ ಒಟ್ಟಿಗೆ ಬಾಳಿದವರು. ಅಜ್ಜ ಸಂಜೆ ಅರಳಿಕಟ್ಟೆಗೆ ಬರುವರು, ಅಜ್ಜಿ ದೀಪಕ್ಕೆ ಎಣ್ಣೆ ತರುವ ನೆಪದಲ್ಲಿ ಬರುವರು. ಸೆರಗಿನಲ್ಲಿ ಕಟ್ಟಿ ತಂದ ಒಂದು ಚೂರು ಬೆಲ್ಲವನ್ನು ಕೊಟ್ಟು ಹೋಗುವರು. ಊರಿಗೆಲ್ಲ ಗೊತ್ತು, ಯಾರೂ ಮಾತಾಡಲಿಲ್ಲ. ಪಾಲಿಗೆ ಕಾರಣ ಸೊಸೆಯರು ಎಂದು ಮಾತ್ರ ಎಲ್ಲರೂ ಮಾತಾಡಿದರು. ಪಾರಿಖತ್ತಿಗೆ ಸಹಿ ಹಾಕಿದ ಆರು ಜನರಲ್ಲಿ ಹೆಂಗಸು ಒಬ್ಬರೂ ಇರಲಿಲ್ಲ.

ಈಗ ಸ್ವಲ್ಪ ಕರಾವಳಿ ಕಡೆ ಹೋಗೋಣ. ತುಳುನಾಡಿನ ಬಂಟರು ಮೊದಲಾದವರಲ್ಲಿ ಅಳಿಯಸಂತಾನ ಎಂಬ ಕಟ್ಟು ಇತ್ತು. ಅಲ್ಲಿ ಕುಟುಂಬ ತಾಯಿಯ ಕಡೆಯಿಂದ ಬೆಳೆಯುತ್ತದೆ, ಆಸ್ತಿ ಮಾವನಿಂದ ಸೋದರಳಿಯನಿಗೆ ಹೋಗುತ್ತದೆ. ಅಪ್ಪ ಅವರ ತಾಯಿಯ ಕುಟುಂಬಕ್ಕೆ ಸೇರಿದವರು. ಆ ಕಾಲದ ಮಗು ಈ ಚಾರ್ಟ್ ಮಾಡಿದ್ದರೆ ಸೋದರಮಾವನ ಫೋಟೊ ಮೇಲೆ ಬರುತ್ತಿತ್ತು, ಅಪ್ಪನಿಗೆ ಜಾಗ ಇರುತ್ತಿರಲಿಲ್ಲ! ಅಪ್ಪನ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ, ಲೆಕ್ಕ ಬೇರೆ.

ಕಾನೂನಿನ ಲೆಕ್ಕವೂ ಬದಲಾಗುತ್ತ ಬಂದಿದೆ. ಹೆಣ್ಣುಮಗಳು ‘ಕೊಟ್ಟ ಮನೆಯವಳು’ ಎಂದು ಪಾಲಿನಿಂದ ಬಿಟ್ಟುಬಿಡುತ್ತಿದ್ದರು. 1994ರಲ್ಲಿ ಕರ್ನಾಟಕವು ಕಾಯ್ದೆ ತಿದ್ದಿ, ಕೂಡುಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದ ಹಕ್ಕು ಕೊಟ್ಟಿತು. ಆದರೆ ಅದಕ್ಕೆ ಮೊದಲೇ ಮದುವೆಯಾದವರಿಗೆ ಅದು ಸಿಗಲಿಲ್ಲ. 2005ರಲ್ಲಿ ಇಡೀ ದೇಶದ ಹೆಣ್ಣುಮಕ್ಕಳಿಗೆ, ಮದುವೆಯಾದವರಿಗೂ, ಆ ಹಕ್ಕು ಬಂತು. 2007ರಲ್ಲಿ ತಂದೆತಾಯಿ ಮತ್ತು ಹಿರಿಯರ ಪಾಲನೆಗೆಂದು ಬಂದ ಕಾಯ್ದೆಯಲ್ಲಿ ‘ಮಕ್ಕಳು’ ಎಂದರೆ ಮಗ, ಮಗಳು ಮಾತ್ರವಲ್ಲ; ವಯಸ್ಸಿಗೆ ಬಂದ ಮೊಮ್ಮಗ, ಮೊಮ್ಮಗಳೂ ಸೇರಿದ್ದಾರೆ. ಎಂದರೆ ಪುಟ್ಟಿ, ಕಾನೂನು ಈಗಾಗಲೇ ನಿನ್ನನ್ನು ಅಜ್ಜಿಯ ಚಾರ್ಟಿನಲ್ಲಿ ಬರೆದುಕೊಂಡಿದೆ. ನೀನು ದೊಡ್ಡವಳಾಗುವುದನ್ನು ಕಾಯುತ್ತಿದೆ, ಅಷ್ಟೆ.

ಹಾಗಾಗಿ ನನ್ನ ಉತ್ತರ ಇದು. ಜನಗಣತಿಯವರು ಒಬ್ಬರನ್ನು ಒಂದೇ ಕಡೆ ಬರೆಯಬೇಕು, ಎರಡು ಕಡೆ ಬರೆದರೆ ದೇಶದ ಲೆಕ್ಕ ತಪ್ಪುತ್ತದೆ. ಶಾಲೆಯ ಚಾರ್ಟಿಗೆ ಆ ನಿಯಮ ಇಲ್ಲ. ನಿನ್ನದರಲ್ಲೂ ಅಜ್ಜಿಯ ಫೋಟೊ ಅಂಟಿಸು, ಅಣ್ಣನಿಗೂ ಅಂಟಿಸಲು ಹೇಳು. ಟೀಚರ್ ಕೇಳಿದರೆ ಈ ಪುಟ ತೋರಿಸು.

ಇನ್ನು ಉಳಿದವರಿಗೆ ಒಂದು ಕೆಲಸ. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದಷ್ಟೇ ಗಟ್ಟಿಯಾಗಿ, ಯಾರು ಏನು ಮಾಡುತ್ತಾರೆ ಎಂದೂ ಸಮಾಜಶಾಸ್ತ್ರಜ್ಞರು ಕೇಳಿದ್ದಾರೆ. ಇಂಗ್ಲೆಂಡಿನ ಆ್ಯನ್ ಓಕ್ಲಿ ಎಂಬಾಕೆ ಲಂಡನ್ನಿನ 40 ಗೃಹಿಣಿಯರನ್ನು ಮಾತಾಡಿಸಿ 1974ರಲ್ಲಿ ಪುಸ್ತಕ ಬರೆದರು. ಅವರ ಮನೆಗೆಲಸ ವಾರಕ್ಕೆ ಸರಾಸರಿ 77 ಗಂಟೆ! ನಮ್ಮ ದೇಶದಲ್ಲಿ 2019ರಲ್ಲಿ ಸರ್ಕಾರವೇ ಹೀಗೊಂದು ಲೆಕ್ಕ ತೆಗೆಯಿತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿಯುತ್ತಾರೆ, ಗಂಡಸರು 97 ನಿಮಿಷ. ಆ ಕೆಲಸಕ್ಕೆ ಕೈ ಹಾಕುವ ಗಂಡಸರೇ ನಾಲ್ವರಲ್ಲಿ ಒಬ್ಬರು.

ಈ ಭಾನುವಾರ ಒಂದು ಹಾಳೆ ತೆಗೆದುಕೊಂಡು ಮನೆಯವರ ಹೆಸರುಗಳನ್ನು ಬರೆಯಿರಿ. ಕಸ ಗುಡಿಸಿದ್ದು, ಸೊಪ್ಪು ಬಿಡಿಸಿದ್ದು, ಪಾತ್ರೆ ತೊಳೆದದ್ದು, ಬಟ್ಟೆ ಮಡಚಿದ್ದು, ಅಜ್ಜನ ಮಾತ್ರೆ ನೆನಪಿಸಿದ್ದು, ತಮ್ಮನನ್ನು ಮಲಗಿಸಿದ್ದು, ಎಲ್ಲದಕ್ಕೂ ನಿಮಿಷ ಹಾಕಿ. ಕುಳಿತೇ ಮಾಡುವ ಕೆಲಸವನ್ನು ಬಿಡಬೇಡಿ, ಅಜ್ಜಿಯರ ಕೆಲಸವೆಲ್ಲ ಬಹುಪಾಲು ಅದೇ. ನಿಮ್ಮ ಹೆಸರಿನ ಮುಂದೆ ಬಂದ ನಿಮಿಷವನ್ನು ಅಳಿಸದೆ ಹಾಗೆಯೇ ಕಳಿಸಿ. ಅಜ್ಜಂದಿರೂ ಅಷ್ಟೆ.