ಬರಿಗಾಲಿನ ಸೀಸನ್

ನಮ್ಮ ಕಡೆ ಸೀಸನ್ ಅಂದರೆ ಒಂದೇ, ಹೊಗೆಸೊಪ್ಪಿನದು. ಹುಣಸೂರಿನ ಟೀ ಅಂಗಡಿಯಲ್ಲಿ ಯಾರಾದರೂ ‘ಈ ಸಲ ಸೀಸನ್ ಹೆಂಗೆ?’ ಅಂದರೆ ಅವರು ಮಳೆಯನ್ನು ಕೇಳುತ್ತಿಲ್ಲ, ಕ್ರಿಕೆಟ್ಟನ್ನೂ ಕೇಳುತ್ತಿಲ್ಲ. ಕಟ್ಟೆಮಳಲವಾಡಿಯಲ್ಲೋ ಚಿಲ್ಕುಂದದಲ್ಲೋ ಕಂಪಲಾಪುರದಲ್ಲೋ ಕೆಜಿಗೆ ಎಷ್ಟು ಬಿತ್ತು ಅಂತ ಕೇಳುತ್ತಿದ್ದಾರೆ. ಹರಾಜು ಕಟ್ಟೆಯ ಲೆಕ್ಕದಲ್ಲಿ ದರ್ಜೆ ಇರುತ್ತದೆ, ತೂಕ ಇರುತ್ತದೆ, ರೇಟು ಇರುತ್ತದೆ. ರಾತ್ರಿಯಿಡೀ ಸೊಪ್ಪು ಹದಮಾಡುವ ಬ್ಯಾರನ್ ಮುಂದೆ ಕೂತು ಬೆಂಕಿ ಕಾದವನ ನಿದ್ದೆಗೆ ಅಲ್ಲಿ ಕಾಲಂ ಇಲ್ಲ.

ಈ ಸಂಚಿಕೆಯನ್ನು ಆಟಕ್ಕೆ ಮೀಸಲಿಡೋಣ ಎಂದಾಗ ನನಗೆ ನೆನಪಾದದ್ದು ಇನ್ನೊಂದು ಸೀಸನ್. 1936–37ರ ಸ್ಕಾಟ್‌ಲೆಂಡಿನ ಫುಟ್‌ಬಾಲ್ ಸೀಸನ್. ‘ಗರಡಿ ಮನೆ, ಕಬಡ್ಡಿ ಎಲ್ಲ ಬಿಟ್ಟು ಅಷ್ಟು ದೂರ ಯಾಕಪ್ಪ ಹೋಗ್ತೀಯ?’ ಎಂದು ನಮ್ಮ ಬಳಗದ ಹಿರಿಯರೊಬ್ಬರು ಗದರಿದರು. ಹೋಗಿಬರುತ್ತೇನೆ, ದಾರಿಯಲ್ಲಿ ಹುಣಸೂರೂ ಸಿಗುತ್ತದೆ ಎಂದೆ.

ಆ ವರ್ಷದ ಲೆಕ್ಕ ತೆಗೆದರೆ ಕಣ್ಣು ಕುಕ್ಕುತ್ತದೆ. ಲೀಗ್ ಗೆದ್ದದ್ದು ಗ್ಲಾಸ್ಗೋದ ರೇಂಜರ್ಸ್. ಕಪ್ ಗೆದ್ದದ್ದು ಅದೇ ಊರಿನ ಸೆಲ್ಟಿಕ್, ಅಬರ್ಡೀನ್ ಎದುರು 2–1ರಲ್ಲಿ. 1937ರ ಏಪ್ರಿಲ್ 24ರಂದು ಹ್ಯಾಂಪ್‌ಡೆನ್ ಪಾರ್ಕಿನಲ್ಲಿ ನಡೆದ ಆ ಫೈನಲ್ ನೋಡಲು ಸೇರಿದ್ದವರು 1,46,000ಕ್ಕೂ ಹೆಚ್ಚು ಜನ. ಅದರ ಹಿಂದಿನ ವಾರ ಅದೇ ಮೈದಾನದಲ್ಲಿ ಇಂಗ್ಲೆಂಡಿನ ವಿರುದ್ಧ ಸ್ಕಾಟ್‌ಲೆಂಡ್ 3–1ರಲ್ಲಿ ಗೆದ್ದಾಗ ಇನ್ನೂ ಹೆಚ್ಚು, 1,49,000 ದಾಟಿತ್ತು. ಹೆಚ್ಚುಕಡಿಮೆ ಹುಣಸೂರು ತಾಲ್ಲೂಕಿನ ಅರ್ಧ ಜನರನ್ನು ಒಂದೇ ಬಯಲಿನಲ್ಲಿ ನಿಲ್ಲಿಸಿದ ಹಾಗೆ.

ನನ್ನ ಕತೆ ಇದರಲ್ಲಿಲ್ಲ. ಅದು ಸೀಸನ್ ಶುರುವಾದ ಆಗಸ್ಟ್ ತಿಂಗಳಲ್ಲೇ ನಡೆದು ಮುಗಿದುಹೋಗಿತ್ತು. ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡದ ಮೊಹಮ್ಮದ್ ಸಲೀಂ ನೆಂಟನೊಬ್ಬನ ಜೊತೆ ಹಡಗು ಹತ್ತಿ ಗ್ಲಾಸ್ಗೋಗೆ ಬಂದಿದ್ದರು. ನೆಂಟ ಸೆಲ್ಟಿಕ್ ಮ್ಯಾನೇಜರ್ ವಿಲ್ಲಿ ಮೇಲಿಯ ಹತ್ತಿರ ಹೋಗಿ, ಇವನನ್ನು ಒಮ್ಮೆ ಆಡಿಸಿ ನೋಡಿ, ಆದರೆ ಇವನು ಬೂಟು ಹಾಕುವುದಿಲ್ಲ ಎಂದ. ಮೇಲಿ ಒಪ್ಪಿದರು. ಎರಡನೇ ತಂಡದ ಪರವಾಗಿ ಸಲೀಂ ಎರಡು ಪಂದ್ಯ ಆಡಿದರು, ಹ್ಯಾಮಿಲ್ಟನ್ ವಿರುದ್ಧ ಒಂದು, ಗಾಲ್‌ಸ್ಟನ್ ವಿರುದ್ಧ ಇನ್ನೊಂದು. ಸೆಲ್ಟಿಕ್ ಒಂದರಲ್ಲಿ 5–1, ಇನ್ನೊಂದರಲ್ಲಿ 7–1ರಿಂದ ಗೆದ್ದಿತು. ಯುರೋಪಿನ ಕ್ಲಬ್ಬೊಂದಕ್ಕೆ ಆಡಿದ ನಮ್ಮ ಉಪಖಂಡದ ಮೊದಲಿಗ ಎಂದು ಇವತ್ತು ಅವರ ಹೆಸರು ಹೇಳುತ್ತಾರೆ. ಕ್ಲಬ್ಬು ಇರು ಎಂದಿತು. ಸಲೀಮರಿಗೆ ಊರು ನೆನಪಾಯಿತು, ಹೊರಟುಬಿಟ್ಟರು.

ಒಂದು ಫೋಟೋ ಉಳಿದಿದೆ. ಸಲೀಂ ಕೂತಿದ್ದಾರೆ. ಒಂದು ಕಾಲಕ್ಕೆ ಸೆಲ್ಟಿಕ್‌ನ ದೊಡ್ಡ ಆಟಗಾರನಾಗಿದ್ದ ಜಿಮ್ಮಿ ಮೆಕ್‌ಮೆನೆಮಿ ಅವರ ಪಾದಕ್ಕೆ ಬ್ಯಾಂಡೇಜು ಸುತ್ತುತ್ತಿದ್ದಾರೆ. 1936ರಲ್ಲಿ, ಆಳುವ ಕಡೆಯ ಬಿಳಿಯನೊಬ್ಬ ಆಳಿಸಿಕೊಳ್ಳುವ ಕಡೆಯವನ ಪಾದ ಹಿಡಿದಿರುವ ಚಿತ್ರ! ನಾನು ಮತ್ತೆ ಮತ್ತೆ ನೋಡುವುದು ಪಾದವನ್ನಲ್ಲ, ಬಟ್ಟೆಯನ್ನು. ಬರಿಗಾಲಿನ ಆಟವನ್ನು ಪವಾಡ ಮಾಡಿ ಹೇಳುವವರು ಆ ಬಟ್ಟೆಯನ್ನು ಮರೆಯುತ್ತಾರೆ. ಚರ್ಮದ ಚೆಂಡು ನೆನೆದರೆ ಕಲ್ಲಿನಂತಾಗುತ್ತದೆ, ಎದುರಿನವನ ಬೂಟಿಗೆ ಮೊಳೆ ಇರುತ್ತದೆ. ನೋಯುವ ಕಾಲು ಎಲ್ಲಿಯವನದಾದರೂ ನೋಯುತ್ತದೆ. ಗ್ಲಾಸ್ಗೋದ ಪತ್ರಿಕೆಗಳು ಅವರನ್ನು ಮನಸಾರೆ ಹೊಗಳಿದವು. ಆದರೆ ಒಂದು ಪತ್ರಿಕೆ ಹೊಗಳಲು ಆರಿಸಿಕೊಂಡ ತಲೆಬರಹ, ಭಾರತದ ಜಗ್ಲರ್. ಅಂದರೆ ದೊಂಬರಾಟದವನು. ಆಟಗಾರ ಎನ್ನುವ ಮಾತು ಅವರ ಬಾಯಿಗೆ ಬರಲಿಲ್ಲ.

ಈಗ ಹುಣಸೂರು. ಅಮೃತಮಹಲ್ ದನಗಳಿಗೆ ಹೆಸರಾದ ಈ ಊರಿನಲ್ಲಿ ಮದ್ರಾಸ್ ಸೈನ್ಯದ ಸರಬರಾಜು ಇಲಾಖೆ ತೊಗಲು ಹದಮಾಡುವ ಕಾರ್ಖಾನೆ, ಕಂಬಳಿ ಮಗ್ಗ, ಮರದ ಯಾರ್ಡು ಇಟ್ಟುಕೊಂಡಿತ್ತು. 1864ರಲ್ಲಿ ಅದು ಮುಚ್ಚಿದ ಮೇಲೂ ಪಳಗಿದ ಕೈಗಳು ಇಲ್ಲೇ ಉಳಿದವು. ಸಿಪಾಯಿಗಳ ಬೂಟು, ಬೆನ್ನುಚೀಲ, ಮದ್ದಿನ ಚೀಲಕ್ಕೆ ಹುಣಸೂರಿನ ತೊಗಲಿಗೆ ಒಳ್ಳೆಯ ಹೆಸರಿತ್ತು. ಬೂಟು ಹೊಲಿದು ಕಳಿಸಿದ ಊರಿನಲ್ಲಿ ಕೂತು ಬೂಟಿಲ್ಲದವರ ಬಗ್ಗೆ ಬರೆಯುತ್ತಿದ್ದೇನೆ ನೋಡಿ.

ಬೂಟಿನವರಾದರೂ ಯಾರು? ಈ ನಾಡಿಗೆ ಫುಟ್‌ಬಾಲ್ ತಂದವರಲ್ಲಿ ಸ್ಕಾಟಿಷ್ ರೆಜಿಮೆಂಟುಗಳು ಮುಂದಿದ್ದವು. 1888ರಲ್ಲಿ ಸಿಮ್ಲಾದಲ್ಲಿ ನಡೆದ ಮೊದಲ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಎರಡೂ ಕಡೆ ಅವರೇ. ರಾಯಲ್ ಸ್ಕಾಟ್ಸ್ ಫ್ಯೂಸಿಲಿಯರ್ಸ್ ಗೆದ್ದಿತು, ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ಸೋತಿತು. ಸೋತ ರೆಜಿಮೆಂಟಿನ ಯುದ್ಧ ಗೌರವಗಳ ಪಟ್ಟಿಯಲ್ಲಿ ಮೈಸೂರು, ಶ್ರೀರಂಗಪಟ್ಟಣ ಎಂಬ ಹೆಸರುಗಳಿದ್ದವು. ಟಿಪ್ಪುವಿನ ಮೇಲೆ ಬಂದ ಪಡೆಗಳಿಂದಲೇ ಅದು ಕಟ್ಟಿಕೊಂಡದ್ದು.

ಇದಕ್ಕೆ ನಮ್ಮವರು ಕೊಟ್ಟ ಉತ್ತರವೂ ಅದೇ ಸೀಸನ್ನಿನ ಬೆನ್ನಿಗೇ ಬಂತು. 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಫೈನಲ್‌ನಲ್ಲಿ ಅವರು ಸೋಲಿಸಿದ್ದು ಸಲೀಮರ ಮೊಹಮ್ಮಡನ್ ಸ್ಪೋರ್ಟಿಂಗನ್ನೇ. ಮರುವರ್ಷ ಮತ್ತೆ ಗೆದ್ದರು. ಆಗ ಎದುರಿಗಿದ್ದದ್ದು ಆರ್ಗೈಲ್ ಅಂಡ್ ಸದರ್‌ಲ್ಯಾಂಡ್ ಹೈಲ್ಯಾಂಡರ್ಸ್, ಅಪ್ಪಟ ಸ್ಕಾಟಿಷ್ ರೆಜಿಮೆಂಟು. ಸಲೀಂ ಸ್ಕಾಟ್‌ಲೆಂಡಿಗೆ ಹೋಗಿ ಬಂದರು. ಬೆಂಗಳೂರಿನ ಹುಡುಗರು ಸ್ಕಾಟ್‌ಲೆಂಡನ್ನು ಇಲ್ಲೇ ಕಂಡರು.

1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ಎದುರು ಇಳಿದ ನಮ್ಮ ಹನ್ನೊಂದು ಜನರಲ್ಲಿ ಹೆಚ್ಚಿನವರು ಬರಿಗಾಲಿನವರು. ಎರಡು ಪೆನಾಲ್ಟಿ ಕೈತಪ್ಪಿ 2–1ರಲ್ಲಿ ಸೋತೆವು. ನಮ್ಮ ಆ ಒಂದು ಗೋಲು, ಸ್ವತಂತ್ರ ಭಾರತದ ಮೊಟ್ಟಮೊದಲ ಗೋಲು, ಮೈಸೂರು ತಂಡದ ಎಸ್. ರಾಮನ್ ಹೊಡೆದದ್ದು. ಬೆಂಗಳೂರಿನ ಅಹಮದ್ ಖಾನ್ ಕೂಡ ಆ ತಂಡದಲ್ಲಿದ್ದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ 10–1ರಲ್ಲಿ ನಮ್ಮನ್ನು ಅರೆದುಹಾಕಿದಾಗ ಆ ‘1’ ಅಹಮದ್ ಖಾನರದೇ. ಆ ಸೋಲಿನ ಬಳಿಕ ಬೂಟು ಕಡ್ಡಾಯವಾಯಿತು. ಅಹಮದ್ ಖಾನರ ಅಡ್ಡಹೆಸರು ಗೊತ್ತೇ? ಹಾವಾಡಿಗ! ಅಲ್ಲಿ ದೊಂಬರಾಟ, ಇಲ್ಲಿ ಹಾವಾಡಿಗ. ದಿನಾ ಮಧ್ಯಾಹ್ನ ಮಣ್ಣಿನ ಬಯಲಲ್ಲಿ ನೂರು ಸಲ ಚೆಂಡು ತಡೆದು ಕಲಿತದ್ದನ್ನು ಮಂತ್ರ ಎಂದುಬಿಟ್ಟರೆ ಕಲಿಕೆಯ ಲೆಕ್ಕ ಕೊಡುವ ಗೋಜಿರುವುದಿಲ್ಲ.

ಬೇರೆಯವರನ್ನು ಬೈಯುವುದು ಸುಲಭ. ಎಚ್.ಡಿ. ಕೋಟೆಯ ಆದಿವಾಸಿ ಹಾಡಿಯ ಹುಡುಗಿಯೊಬ್ಬಳು ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡಿ ಗೆದ್ದರೆ ನಾವು ಬರೆಯುವುದೇನು? ಕಾಡಿನ ಜಿಂಕೆ ಎಂದು. ಹಿಂದೊಂದು ಸಂಚಿಕೆಯಲ್ಲಿ ಆ ಪದವನ್ನು ನಾನೇ ಬರೆದಿದ್ದೇನೆ. ಅವಳ ಶೂ ಅಳತೆ ಎಷ್ಟು ಎಂದು ಕೇಳಿರಲಿಲ್ಲ.

ನಮ್ಮ ಕಣ್ಣು ತಪ್ಪುವ ಆಟ ಇನ್ನೊಂದಿದೆ. ಪಿರಿಯಾಪಟ್ಟಣ ತಾಲ್ಲೂಕಿನ ಟಿಬೆಟನ್ ನೆಲೆ ಬೈಲಕುಪ್ಪೆಗೆ ಹೋದವರು ಚಿನ್ನದ ಬುದ್ಧನನ್ನು ನೋಡಿ ಮೊಮೊ ತಿಂದು ಬರುತ್ತಾರೆ. ಸಂಜೆ ಬಯಲಲ್ಲಿ ನಡೆಯುವ ಆಟ ಕಣ್ಣಿಗೆ ಬೀಳುವುದು ಕಡಿಮೆ. ದಲೈ ಲಾಮಾ ಅವರ ತಾಯಿಯ ನೆನಪಿನಲ್ಲಿ 1981ರಿಂದ ನಡೆಯುವ ಚಿನ್ನದ ಕಪ್ ಟೂರ್ನಿಗೆ ದೇಶದ ಟಿಬೆಟನ್ ನೆಲೆಗಳಿಂದೆಲ್ಲ ತಂಡಗಳು ಸೇರುತ್ತವೆ. 2001ರ ಜೂನ್ 30ರಂದು ಟಿಬೆಟ್ ಹೆಸರಿನ ತಂಡವೊಂದು ಕೋಪನ್‌ಹೇಗನ್‌ನಲ್ಲಿ ಗ್ರೀನ್‌ಲ್ಯಾಂಡ್ ವಿರುದ್ಧ ಆಡಿ 4–1ರಲ್ಲಿ ಸೋತಿತು. ಫಿಫಾ ದಾಖಲೆಯಲ್ಲಿ ಆ ಪಂದ್ಯ ನಡೆದೇ ಇಲ್ಲ. ದೇಶವಿಲ್ಲದವರ ಸೋಲೂ ಲೆಕ್ಕಕ್ಕಿಲ್ಲ.

ಸಲೀಮರಿಗೆ ವಯಸ್ಸಾಗಿ ಹಾಸಿಗೆ ಹಿಡಿದಾಗ ಅವರ ಮಗ ಸೆಲ್ಟಿಕ್‌ಗೆ ಒಂದು ಕಾಗದ ಬರೆದರಂತೆ, ಚಿಕಿತ್ಸೆಗೆ ನೆರವು ಬೇಕೆಂದು. ನಿಜಕ್ಕೂ ಬೇಕಿದ್ದದ್ದು ದುಡ್ಡಲ್ಲ. ಅಪ್ಪ ಅಲ್ಲಿ ಯಾರಿಗಾದರೂ ನೆನಪಿದ್ದಾನೆಯೇ ಎಂದು ತಿಳಿಯಬೇಕಿತ್ತು. ಕ್ಲಬ್ಬಿನಿಂದ ಪತ್ರ ಬಂತು, ಒಳಗೆ 100 ಪೌಂಡಿನ ಡ್ರಾಫ್ಟ್. ಮಗ ಅದನ್ನು ಬ್ಯಾಂಕಿಗೆ ಹಾಕಲಿಲ್ಲ, ಹಾಗೇ ಇಟ್ಟುಕೊಂಡರು. ಸಲೀಂ 1980ರಲ್ಲಿ ತೀರಿಕೊಂಡರು.

ಮುಂದಿನ ಸಂಚಿಕೆಗೆ ನಮ್ಮ ನಾಲ್ಕು ತಾಲ್ಲೂಕುಗಳ ಎರಡನೇ ತಂಡದವರು ಬೇಕು. ಕೆ.ಆರ್. ನಗರದ ಕಬಡ್ಡಿ ಅಂಕಣದಲ್ಲಿ ಮೊಣಕಾಲು ಕಳೆದುಕೊಂಡವರು, ದಸರಾ ಕುಸ್ತಿಗೆ ಹೆಸರು ಕೊಟ್ಟು ಮೈಸೂರಿನಿಂದ ಹಾಗೇ ವಾಪಸ್ಸಾದವರು, ಊರಹಬ್ಬದ ವಾಲಿಬಾಲಿಗೆ ಬಲೆ ಕಟ್ಟಿದವರು. ಎರಡು ಪುಟ ಸಾಕು, ಪೆನ್ಸಿಲ್ಲಿನಲ್ಲಿ ಬರೆದರೂ ಸರಿ. ಬ್ಯಾರನ್ ಬೆಂಕಿ ಆರಿದ ಮೇಲೆ ಕಳಿಸಿ, ಅವಸರವಿಲ್ಲ. ಫೋಟೋ ಇದ್ದರೆ ನಕಲು ಮಾತ್ರ ಕಳಿಸಿ, ಅಸಲು ಮನೆಯಲ್ಲೇ ಇರಲಿ.