ಕೂಡುವುದೋ, ಕಳೆಯುವುದೋ?

ಸಂಜೆಯ ಹೊತ್ತು ನಮ್ಮ ನಡುಮನೆಯಲ್ಲಿ ದಿನವೂ ಒಂದು ಪ್ರಶ್ನೆ ಕೇಳಿಬರುತ್ತದೆ: "ತಾತ, ಇದು ಕೂಡೋ ಲೆಕ್ಕವೋ, ಕಳೆಯೋ ಲೆಕ್ಕವೋ?" ಕೇಳುವವಳು ನಾಲ್ಕನೆಯ ತರಗತಿಯ ನನ್ನ ಮೊಮ್ಮಗಳು. ಲೆಕ್ಕವನ್ನು ಅವಳಿನ್ನೂ ಪೂರ್ತಿ ಓದಿರುವುದಿಲ್ಲ. ಓದುವ ಗೋಜೇಕೆ? ಎರಡರಲ್ಲಿ ಯಾವುದೆಂದು ಯಾರಾದರೂ ಹೇಳಿಬಿಟ್ಟರೆ ಮಿಕ್ಕದ್ದನ್ನು ಪೆನ್ಸಿಲೇ ನೋಡಿಕೊಳ್ಳುತ್ತದೆ.

ಮೊನ್ನೆಯ ಲೆಕ್ಕ ಇದು. ರಾಮುವಿನ ಬಳಿ 35 ಗೋಲಿಗಳಿವೆ. ಇವು ಶಾಮುವಿನ ಬಳಿ ಇರುವುದಕ್ಕಿಂತ 8 ಹೆಚ್ಚು. ಶಾಮುವಿನ ಬಳಿ ಎಷ್ಟು? ಅವಳು ಕ್ಷಣಮಾತ್ರದಲ್ಲಿ 43 ಎಂದು ಬರೆದಳು. ಕೂಡಿದ್ದರಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ. ಏಕೆ ಕೂಡಿದೆಯೆಂದು ಕೇಳಿದೆ. "'ಹೆಚ್ಚು' ಅಂತ ಇದ್ದರೆ ಕೂಡಬೇಕು, 'ಉಳಿದದ್ದು' ಅಂತ ಇದ್ದರೆ ಕಳೀಬೇಕು. ಮಿಸ್ ಹೇಳಿಕೊಟ್ಟಿದ್ದಾರೆ" ಎಂದಳು.

"ಇಬ್ಬರಲ್ಲಿ ಗೋಲಿ ಹೆಚ್ಚಿಗೆ ಇರೋದು ಯಾರ ಹತ್ತಿರ, ಮರಿ?"

"ರಾಮು ಹತ್ತಿರ."

"ಹಾಗಾದರೆ ಶಾಮುಗೆ 43 ಎಲ್ಲಿಂದ ಬಂತು?"

ಮಗು ಪುಸ್ತಕವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ನಾಲಗೆ ಕಚ್ಚಿಕೊಂಡು 27 ಎಂದು ತಿದ್ದಿದಳು.

ಈ ಮಗುವಿಗೆ ಲೆಕ್ಕ ಬಾರದೆನ್ನೋಣವೆ? ಕೂಡಲು ಬರುತ್ತದೆ, ಕಳೆಯಲು ಬರುತ್ತದೆ, ಹೆಚ್ಚು ಕಡಿಮೆ ತಿಳಿಯುತ್ತದೆ. ಬಾರದಿರುವುದು ಒಂದೇ: ಲೆಕ್ಕವನ್ನು ಒಂದು ಸಂಗತಿಯೆಂದು ಓದುವುದು. ಅದು ಬಾರದಂತೆ ನೋಡಿಕೊಂಡವರು ನಾವೇ ಎಂಬುದು ನನ್ನ ಆರೋಪ.

2022ರ ಅಸರ್ ವರದಿಯಂತೆ, ಗ್ರಾಮೀಣ ಭಾರತದ ಐದನೆಯ ತರಗತಿಯ ಮಕ್ಕಳಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಸುಮಾರು ನಾಲ್ಕರಲ್ಲಿ ಒಬ್ಬರು. ಇದನ್ನು ಓದಿ ಪಟ್ಟಣದ ನಾವು, ಅದು ಹಳ್ಳಿಯ ಮಾತು, ನಮ್ಮ ಮಕ್ಕಳು ಸರಾಗವಾಗಿ ಭಾಗಿಸುತ್ತಾರೆ ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಅಮೆರಿಕದ ಮಕ್ಕಳೂ ಸರಾಗವಾಗಿ ಭಾಗಿಸಿದರು! ಅಲ್ಲಿಯ ರಾಷ್ಟ್ರೀಯ ಪರೀಕ್ಷೆಯೊಂದರಲ್ಲಿ ಹದಿಮೂರರ ಹರೆಯದವರಿಗೆ ಒಂದು ಲೆಕ್ಕ ಕೊಟ್ಟರು. ಸೈನಿಕರು 1128 ಮಂದಿ, ಒಂದು ಬಸ್ಸಿಗೆ 36 ಜನ, ಬಸ್ಸುಗಳೆಷ್ಟು ಬೇಕು? ನೂರಕ್ಕೆ ಸುಮಾರು 70 ಮಕ್ಕಳು ಭಾಗಾಕಾರವನ್ನು ಸರಿಯಾಗಿಯೇ ಮಾಡಿದರು. 32 ಬಸ್ಸು ಎಂದವರು ಮಾತ್ರ ನೂರಕ್ಕೆ 23. ಎಷ್ಟೋ ಮಕ್ಕಳು "31, ಶೇಷ 12" ಎಂದು ಬರೆದು ಕೈತೊಳೆದುಕೊಂಡರು. ಆ ಹನ್ನೆರಡು ಸೈನಿಕರು ಇನ್ನೂ ರಸ್ತೆಯಲ್ಲೇ ನಿಂತಿರಬೇಕು.

ಫ್ರಾನ್ಸಿನ ಗ್ರೆನೋಬ್ಲ್ ಪಟ್ಟಣದಲ್ಲಿ ಇನ್ನೂ ವಿನೋದ. ಹಡಗಿನಲ್ಲಿ 26 ಕುರಿ, 10 ಆಡುಗಳಿವೆ, ಕಪ್ತಾನನ ವಯಸ್ಸೆಷ್ಟು ಎಂದು ಉಪಾಧ್ಯಾಯರು 97 ಮಕ್ಕಳನ್ನು ಕೇಳಿದರೆ, 76 ಮಂದಿ ಅಂಕಿಗಳನ್ನು ಹೇಗೋ ಬೆರೆಸಿ ಉತ್ತರ ಹೇಳಿಯೇಬಿಟ್ಟರು. ಮಕ್ಕಳು ಮೂಢರಲ್ಲ. ಕೇಳಿದ್ದಕ್ಕೆಲ್ಲ ಒಂದು ಅಂಕಿ ಒಪ್ಪಿಸಬೇಕೆಂಬ ಶಾಲೆಯ ಧರ್ಮವನ್ನು ಪಾಲಿಸಿದರು, ಅಷ್ಟೆ.

ಕೋಲ್ಕತ್ತ ಮತ್ತು ದೆಹಲಿಗಳ ಮಾರುಕಟ್ಟೆಯಲ್ಲಿ ದುಡಿಯುವ ಮಕ್ಕಳನ್ನು ಕುರಿತು 2025ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ತೂಕ, ಬೆಲೆ, ಚಿಲ್ಲರೆಗಳನ್ನು ಬಾಯಲ್ಲೇ ಲೆಕ್ಕಮಾಡುವ ಆ ಮಕ್ಕಳು ಪುಸ್ತಕದ ಲೆಕ್ಕದ ಮುಂದೆ ತಡವರಿಸಿದರು. ಶಾಲೆಗೆ ಹೋಗುವ ಮಕ್ಕಳು ಮಾರುಕಟ್ಟೆಯ ಲೆಕ್ಕದ ಮುಂದೆ ತಡವರಿಸಿದರು. ಸಂತೆಗೂ ಶಾಲೆಗೂ ನಡುವೆ ಗೋಡೆಯೆಬ್ಬಿಸಿ, ಎರಡೂ ಕಡೆಯ ಮಕ್ಕಳನ್ನು ಬಡವರನ್ನಾಗಿಸಿದ್ದೇವೆ.

ಈ ನಾಡಿನ ಹಿರಿಯರು ಹೀಗೆ ಮಾಡಲಿಲ್ಲ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಒಂದು ಲೆಕ್ಕ ಹಾಕಿದ್ದಾನೆ. ಕಾಡಿನಲ್ಲಿ ಬಾಳೆಹಣ್ಣಿನ 63 ಸಮನಾದ ರಾಶಿಗಳು, ಬಿಡಿಯಾಗಿ 7 ಹಣ್ಣು. 23 ದಾರಿಹೋಕರು ಉಳಿಯದಂತೆ ಸಮನಾಗಿ ಹಂಚಿಕೊಂಡರು. ರಾಶಿಗೆ ಎಷ್ಟು ಹಣ್ಣು? ಇಲ್ಲಿ "ಹೆಚ್ಚು" ಎಂಬ ಮಾತೂ ಇಲ್ಲ, "ಉಳಿದದ್ದು" ಎಂದು ಕಳೆಯುವ ದಾರಿಯೂ ಇಲ್ಲ. ಮನಸ್ಸು ಆ ಕಾಡಿಗೆ ಹೋಗಿ ಹಣ್ಣನ್ನು ಹಂಚಲೇಬೇಕು. ರಾಶಿಗೆ 5 ಎಂದರೆ ತಲೆಗೆ 14 ಬರುತ್ತದೆ. 28 ಎಂದರೂ ಸರಿಹೋಗುತ್ತದೆ, ತಲೆಗೆ 77. ಉತ್ತರ ಒಂದೇ ಇರಬೇಕಿಲ್ಲವೆಂಬ ಸಂತೋಷವನ್ನು ನಮ್ಮ ಮಕ್ಕಳು ಎಂದಾದರೂ ಉಂಡಿದ್ದಾರೆಯೆ?

ಮಗ್ಗಿ ಬೇಡವೆನ್ನುತ್ತೀರಾ ಎಂದು ಹಿರಿಯ ವಾಚಕರು ಕೇಳಬಹುದು. ಬೇಕು, ಖಂಡಿತ ಬೇಕು. ಏಳೆಂಟಲ ಎಷ್ಟೆಂದು ತಡಕಾಡುವವನಿಗೆ ಯೋಚಿಸಲು ಬಿಡುವಿರುವುದಿಲ್ಲ. ಆದರೆ ಉಳಿ ಮಸೆಯುವುದನ್ನೇ ಬಡಗಿತನವೆಂದು ಕಲಿಸಿದರೆ ಕುರ್ಚಿ ಮಾಡುವವರಾರು? ಹಂಗೆರಿಯಲ್ಲಿ ಹುಟ್ಟಿದ ಗಣಿತಜ್ಞ ಪೋಲ್ಯ 1945ರಲ್ಲಿ ಲೆಕ್ಕ ಬಿಡಿಸಲು ನಾಲ್ಕು ಮೆಟ್ಟಿಲು ಹೇಳಿದ: ಅರ್ಥಮಾಡಿಕೊಳ್ಳುವುದು, ಉಪಾಯ ಹುಡುಕುವುದು, ಉಪಾಯವನ್ನು ನಡೆಸುವುದು, ಹಿಂದಿರುಗಿ ನೋಡುವುದು. ನಾವು ಮಕ್ಕಳನ್ನು ನೇರವಾಗಿ ಮೂರನೆಯ ಮೆಟ್ಟಿಲಿಗೆ ಎತ್ತಿ ಕೂರಿಸುತ್ತೇವೆ, ಬಿದ್ದರೆ "ಲೆಕ್ಕದ ತಲೆಯಿಲ್ಲ" ಎನ್ನುತ್ತೇವೆ.

ಉಪಾಧ್ಯಾಯಿನಿಯನ್ನು ದೂರಿ ನಾನು ಜಾರಿಕೊಳ್ಳಲಾರೆ. ಪಾಠ ಮುಗಿಸಿ ಅಂಕ ತೋರಿಸಬೇಕೆಂದು ಆಕೆಯ ಬೆನ್ನು ಹತ್ತಿದವರು ನಾವು. ಮೂವತ್ತು ವರ್ಷಗಳ ಹಿಂದೆ, ಇದೇ ನಡುಮನೆಯಲ್ಲಿ, ಇದೇ "ಹೆಚ್ಚು ಎಂದರೆ ಕೂಡು" ಎಂಬ ಮಂತ್ರವನ್ನು ಈ ಮಗುವಿನ ತಂದೆಗೆ ಹೇಳಿಕೊಟ್ಟವನು ನಾನು. ಮಂತ್ರ ಕೈಕೊಟ್ಟಾಗಲೆಲ್ಲ ಅವನ ತಲೆಯ ಮೇಲೆ ಮೊಟಕಿದವನೂ ನಾನೇ. ಅವನು ಹತ್ತನೆಯ ತರಗತಿಯಾದೊಡನೆ ಗಣಿತಕ್ಕೆ ಕೈಮುಗಿದ. ಯಂತ್ರಗಳನ್ನು ಬಿಚ್ಚಿ ಜೋಡಿಸುವುದೆಂದರೆ ಪ್ರಾಣ ಬಿಡುತ್ತಿದ್ದ ಹುಡುಗ. ಈಗಲೂ ಮಗಳು ಲೆಕ್ಕದ ಪುಸ್ತಕ ತೆರೆದರೆ ಅವನು ಎದ್ದು ಹೊರಗೆ ಹೋಗುತ್ತಾನೆ. ಅವನೇಕೆ ಹೋಗುತ್ತಾನೆಂಬುದು ನನಗೆ ಗೊತ್ತು.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಇಪ್ಪತ್ತು ಲೆಕ್ಕದ ಬದಲು ಎರಡು ಕೊಡಿ. ಉತ್ತರ ಕೇಳುವ ಮೊದಲು "ಇಲ್ಲಿ ಏನಾಗಿದೆ, ಹೇಳು" ಎಂದು ಕೇಳಿ. ತಪ್ಪು ಉತ್ತರಕ್ಕೂ ಕಾರಣ ಕೇಳುವ ತಾಳ್ಮೆ ಇರಲಿ. ಪ್ರಶ್ನಪತ್ರಿಕೆ ಬರೆಯುವವರು ಯೋಚನೆಗೂ ಅಷ್ಟು ಅಂಕ ಇಡಲಿ.

27 ಎಂದು ತಿದ್ದಿದ ಮೇಲೆ ಮೊಮ್ಮಗಳು ಕೇಳಿದಳು: "ತಾತ, ಪರೀಕ್ಷೇಲಿ ಇಷ್ಟೆಲ್ಲ ಯೋಚನೆ ಮಾಡೋಕೆ ಹೊತ್ತೆಲ್ಲಿರುತ್ತೆ?"

ನಾನು ಉತ್ತರ ಹೇಳಲಿಲ್ಲ. ಉತ್ತರ ಹೇಳಬೇಕಾದವರು ನಾವೆಲ್ಲರೂ.