ಮರಿದುಂಬಿಗೆ ನೆಲೆಯೆಲ್ಲಿ?

ಬನವಾಸಿಯ ನಂದನದಲ್ಲಿ ಮರಿದುಂಬಿಯಾಗಿಯಾದರೂ ಹುಟ್ಟುವ ಆಸೆಯನ್ನು 10ನೆಯ ಶತಮಾನದ ಪಂಪನು ತನ್ನ ಭಾರತದಲ್ಲಿ ನುಡಿದಿದ್ದಾನೆ. ತರಗತಿಯಲ್ಲಿ ಆ ಭಾಗವನ್ನು ವಿವರಿಸುವಾಗಲೆಲ್ಲ ನನಗೊಂದು ಸಂದೇಹ: ಸೊರಬದಾಚೆಯ ಆ ದುಂಬಿ ಇಂದು ಶಿವಮೊಗ್ಗೆಯ ನಮ್ಮ ವಿನೋಬನಗರಕ್ಕೆ ಬಂದರೆ ಕುಳಿತುಕೊಳ್ಳುವುದಾದರೂ ಎಲ್ಲಿ?

ಅಂಗಳಗಳಲ್ಲಿ ಬಣ್ಣಕ್ಕೇನೂ ಕೊರತೆಯಿಲ್ಲ. ಆದರೆ ಹಲವು ಸುತ್ತಿನ ದಾಸವಾಳದಲ್ಲಿ ಕೇಸರಗಳೇ ಎಸಳುಗಳಾಗಿರುವುದರಿಂದ ಪರಾಗ ಇಲ್ಲವೆನ್ನುವಷ್ಟು ಕಡಿಮೆ. ಬೇಲಿಯ ಗಿಡಗಳನ್ನು ಹೂ ಬಿಡುವ ಮೊದಲೇ ಕತ್ತರಿಸುತ್ತೇವೆ. ಶಿವನಿಗೆ ಪ್ರಿಯವಾದ ತುಂಬೆಯನ್ನು ಕಳೆಯೆಂದು ಕಿತ್ತೆಸೆದು, ಪೂಜೆಯ ಹೂವನ್ನು ಪೇಟೆಯಿಂದ ತರುತ್ತೇವೆ. ಇದೆಂತಹ ಭಕ್ತಿಯೋ! ಆ ಪುಟ್ಟ ಬಿಳಿಯ ಹೂವಿನ ಮಕರಂದಕ್ಕೆ ಜೇನು ಹುಡುಕಿಕೊಂಡು ಬರುತ್ತದೆ. ಎಕ್ಕದ ಹೂವಿಗೆ ಮರ ಕೊರೆಯುವ ಕರಿದುಂಬಿ ಬರುತ್ತದೆ. ಕರಿಬೇವಿನ ಎಲೆ ತಿನ್ನುವ ಹಸುರು ಹುಳು ನಾಳಿನ ಚಿಟ್ಟೆ.

ಇದು ಕೇವಲ ಕಾವ್ಯದ ಮಾತಲ್ಲ. ಹಿತ್ತಲಿನ ಕುಂಬಳದಲ್ಲಿ ಗಂಡುಹೂ ಬೇರೆ, ಹೆಣ್ಣುಹೂ ಬೇರೆ. ನಡುವೆ ಓಡಾಡುವ ಜೇನಿಲ್ಲದಿದ್ದರೆ ಹೀಚು ಬಾಡಿ ಉದುರುತ್ತದೆ. ನಾವು ಗೊಬ್ಬರವನ್ನು ದೂರುತ್ತೇವೆ.

ಪ್ರತಿ ಉದ್ಯಾನದ ಒಂದು ಮೂಲೆಯನ್ನಾದರೂ ತುಂಬೆ, ತುಳಸಿ, ಎಕ್ಕ, ಕರಿಬೇವುಗಳಿಗೆ ಬಿಟ್ಟುಕೊಡಬೇಕು; ಅಲ್ಲಿ ಕತ್ತರಿಯೂ ಬೇಡ, ವಿಷದ ಸಿಂಪರಣೆಯೂ ಬೇಡ. ಎಕ್ಕದ ಹಾಲು ಕಣ್ಣಿಗೆ ತಾಗದಂತೆ ಮಕ್ಕಳಿಗೆ ಎಚ್ಚರಿಕೆ ಹೇಳಿದರಾಯಿತು. ತುಂಬೆಯನ್ನಂತೂ ನೆಡಬೇಕಾಗಿಯೇ ಇಲ್ಲ. ಮಳೆ ಬಿದ್ದೊಡನೆ ತಾನೇ ಹುಟ್ಟುತ್ತದೆ, ಕೀಳದಿದ್ದರೆ ಸಾಕು.